ಜೀನ್ಸ್ ತುಂಡುಗಳ ಕೌದಿಗೆ ಯಾವ ಹೊಲಿಗೆ ಯಂತ್ರ ಕೊಳ್ಳಬೇಕು?

ಕೌದಿಮನೆ, ಕುಕನೂರು

ನಮ್ಮ ಮನೆಯಲ್ಲಿ ಹಳೆಯ ಸೀರೆ, ಧೋತರಗಳ ಕೌದಿಯನ್ನು ಕೈಯಿಂದಲೇ ಹೊಲಿಯುತ್ತ ಬಂದಿದ್ದೇವೆ. ಅತ್ತೆಯವರ ಸಾಲುಗಳು ಎಷ್ಟು ನೇರವೆಂದರೆ, ಗೆರೆ ಎಳೆಯದೆ ಹೊಲಿದದ್ದು ಎಂದರೆ ಹೊಸಬರು ನಂಬುವುದಿಲ್ಲ. ಈಗ ಆನೆಗೊಂದಿ ಕಡೆಯ ಒಂದು ವಸತಿಗೃಹದವರು ಒಂಟಿ ಮಂಚಕ್ಕೆ ಹಾಸುವ ಕೌದಿಗಳನ್ನು ಕೇಳಿದ್ದಾರೆ. ಮೇಲಿನ ಪದರ ಜೀನ್ಸ್ ಬಟ್ಟೆಯದೇ ಆಗಬೇಕೆಂಬುದು ಅವರ ಬೇಡಿಕೆ. ಬಟ್ಟೆಗೇನೂ ಕೊರತೆಯಿಲ್ಲ. ಬಳ್ಳಾರಿಯಲ್ಲಿರುವ ನಾದಿನಿ, ಅಲ್ಲಿನ ಜೀನ್ಸ್ ಘಟಕಗಳಲ್ಲಿ ಕತ್ತರಿಸಿ ಉಳಿದ ತುಂಡುಗಳನ್ನು ಕಿಲೋ ಲೆಕ್ಕದಲ್ಲಿ ತಂದುಕೊಡುತ್ತಾಳೆ.

ತೊಂದರೆ ಹೊಲಿಗೆಯದು. ಮನೆಯಲ್ಲಿರುವುದು ಕಾಲಿನಿಂದ ತುಳಿಯುವ ಕಪ್ಪು ಯಂತ್ರ. ರವಿಕೆ, ಲಂಗ, ಶಾಲೆಯ ಸಮವಸ್ತ್ರ ಎಲ್ಲವನ್ನೂ ಅಂದವಾಗಿ ಹೊಲಿಯುತ್ತದೆ. ಜೀನ್ಸ್ ಚೌಕಗಳನ್ನು ಒಂದಕ್ಕೊಂದು ಕೂಡಿಸುವವರೆಗೂ ಅದರ ಮೇಲೆ ನನ್ನ ದೂರಿಲ್ಲ. ಆದರೆ ಮೇಲೆ ಜೀನ್ಸ್, ನಡುವೆ ಹತ್ತಿ, ಕೆಳಗೆ ಅಸ್ತರು ಇಟ್ಟು ಮೂರನ್ನೂ ಸೇರಿಸಿ ಹೊಲಿಯಲು ಹೋದರೆ ಮೇಲಿನ ಬಟ್ಟೆ ಸರಿದು ಅಂಚಿನಲ್ಲಿ ಎರಡು ಬೆರಳಿನಷ್ಟು ಹೆಚ್ಚಾಗಿ ಉಳಿಯುತ್ತದೆ. ಅಸ್ತರು ನೆರಿಗೆಗಟ್ಟುತ್ತದೆ. ನಾಲ್ಕು ಚೌಕಗಳು ಕೂಡುವ ಜಾಗದಲ್ಲಿ ಸೂಜಿ ಮುರಿಯುತ್ತದೆ. ಹೊರಳಿಸಿ ನೋಡಿದರೆ ಕೆಳಗೆ ದಾರದ ಗೊಂಚಲು. ಕೌದಿಯ ಅರ್ಧಭಾಗವನ್ನು ಸುರುಳಿ ಸುತ್ತಿ ಯಂತ್ರದ ತೋಳಿನ ಕೆಳಗೆ ತೂರಿಸುವುದಂತೂ ಆಗುವ ಮಾತಲ್ಲ.

25,000 ರೂಪಾಯಿವರೆಗೆ ಕೂಡಿಟ್ಟಿದ್ದೇನೆ. ಕೊಪ್ಪಳದ ಅಂಗಡಿಯಲ್ಲಿ ಹಲವು ಬಗೆಯ ಹೂವಿನ ಹೊಲಿಗೆ ಹಾಕುವ ವಿದ್ಯುತ್ ಯಂತ್ರ ತೋರಿಸಿದರು. ಭಾವನವರು ಬಳ್ಳಾರಿಯಲ್ಲಿ ಕಾರ್ಖಾನೆಯ ಹಳೆಯ ಯಂತ್ರ ಕೊಳ್ಳು ಎನ್ನುತ್ತಾರೆ. ಇರುವ ಯಂತ್ರಕ್ಕೇ ಮೋಟಾರು ಕೂಡಿಸಿದರೆ ಸಾಕು ಎನ್ನುವವರೂ ಇದ್ದಾರೆ. ಜೀನ್ಸ್ ಅಥವಾ ಇಂಥ ದಪ್ಪ ಬಟ್ಟೆಯ ಕೌದಿ ಹೊಲಿದವರು, ಯಂತ್ರ ಬಲ್ಲವರು ತಿಳಿಸಿ. ಗಾಲಿಯಂತೆ ಉರುಳುವ ಕತ್ತರಿ, ಅದರ ಚಾಪೆ ಮುಂತಾದವು ನಿಜಕ್ಕೂ ಬೇಕೇ?

---

ಸೂಜಿಗಣ್ಣು, ಬಳ್ಳಾರಿ

ಜೀನ್ಸ್ ಘಟಕಗಳ ಯಂತ್ರಗಳನ್ನು ದುರಸ್ತಿ ಮಾಡುವುದು ನನ್ನ ಕಸುಬು. ಘಟಕಗಳಲ್ಲಿ ಮೂಟೆಗಟ್ಟಲೆ ಬೀಳುವ ಆ ತುಂಡುಗಳು ಕೌದಿಯಾಗುತ್ತವೆ ಎಂದು ಓದಿ ನನಗೆ ಆದ ಸಂತೋಷ ದೊಡ್ಡದು. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಹೂವಿನ ಹೊಲಿಗೆಯ ಯಂತ್ರ ಬೇಡವೇ ಬೇಡ. ನಿಮಗೆ ಬೇಕಿರುವುದು ನೇರ ಹೊಲಿಗೆ ಒಂದೇ. ಆ ಯಂತ್ರಗಳ ಬೆಲೆಯಲ್ಲಿ ಬಹುಪಾಲು ನೀವು ಎಂದೂ ಬಳಸದ ಹೊಲಿಗೆಗಳಿಗೆ ಹೋಗುತ್ತದೆ. ಮನೆಬಳಕೆಯ ಯಂತ್ರಗಳಲ್ಲಿ ಸೂಜಿಯಿಂದ ತೋಳಿನ ಬುಡದವರೆಗೆ ಸಾಮಾನ್ಯವಾಗಿ 6–7 ಇಂಚು ಜಾಗವಷ್ಟೇ ಇರುತ್ತದೆ. ಸುರುಳಿ ತೂರಿಸುವ ಕಷ್ಟ ಅಲ್ಲಿಯೂ ತಪ್ಪುವುದಿಲ್ಲ.

ದುಡ್ಡು ಬಿಚ್ಚುವ ಮೊದಲು ಇರುವ ಯಂತ್ರದಲ್ಲಿ ಇಷ್ಟನ್ನು ಮಾಡಿ ನೋಡಿ. ಕೆಳಗೆ ದಾರದ ಗೊಂಚಲು ಕಂಡರೆ ಎಲ್ಲರೂ ಬಾಬಿನ್ನಿನ ಕಡೆ ಕೈ ಹಾಕುತ್ತಾರೆ. ಹೆಚ್ಚಿನ ಸಲ ದೋಷವಿರುವುದು ಮೇಲಿನ ದಾರದಲ್ಲಿ. ಬಟ್ಟೆ ಒತ್ತುವ ಪಾದವನ್ನು ಎತ್ತಿಟ್ಟೇ ದಾರ ಪೋಣಿಸಬೇಕು. ಆಗ ಮಾತ್ರ ಬಿಗಿತದ ಬಿಲ್ಲೆಗಳು ಬಿಚ್ಚಿಕೊಂಡು ದಾರ ಅವುಗಳ ನಡುವೆ ಕೂರುತ್ತದೆ. ಪಾದ ಇಳಿಸಿ ಪೋಣಿಸಿದರೆ ದಾರ ಬಿಲ್ಲೆಯ ಮೇಲೆಯೇ ಜಾರುತ್ತದೆ, ಬಿಗಿತ ಸಿಗದೆ ಕೆಳಗೆ ಗಂಟಾಗುತ್ತದೆ. ಅಷ್ಟಾದರೂ ಕುಣಿಕೆ ಉಳಿದರೆ ಮೇಲಿನ ತಿರುಪನ್ನು ಸ್ವಲ್ಪಸ್ವಲ್ಪವೇ ಬಿಗಿಮಾಡುತ್ತ ಬನ್ನಿ.

ಸೂಜಿ 16ನೇ ನಂಬರಿನದಾಗಲಿ, ಪೊಟ್ಟಣದ ಮೇಲೆ 100/16 ಎಂದಿರುತ್ತದೆ. 100 ಎಂದರೆ ಸೂಜಿಯ ದಪ್ಪ 1 ಮಿಲಿಮೀಟರ್. ರವಿಕೆಗೆ ಬಳಸುವ 14ನೇ ನಂಬರು 0.9 ಮಿಲಿಮೀಟರ್ ಇರುತ್ತದೆ, ಜೀನ್ಸಿನ ಮಡಿಕೆಗಳಲ್ಲಿ ಅದು ಬಾಗುತ್ತದೆ. ದಾರದ ಟಿಕೆಟ್ ಸಂಖ್ಯೆಯನ್ನೂ ನೋಡಿ. ಸಂಖ್ಯೆ ಹೆಚ್ಚಿದಷ್ಟೂ ದಾರ ಸಣ್ಣ. ಅಂಗಿಗೆ ಬಳಸುವ 120 ನಿಮಗೆ ಸಾಲದು, 75 ಅಥವಾ 80 ಇರಲಿ. ಮೇಲೆ, ಕೆಳಗೆ ಒಂದೇ ದಾರ ಹಾಕಿ. ಇಂಚಿಗೆ 7–8 ಹೊಲಿಗೆ ಬೀಳುವಂತೆ ಹೊಲಿಗೆಯ ಉದ್ದವನ್ನು ಹೊಂದಿಸಿಕೊಳ್ಳಿ. ಸಣ್ಣ ಹೊಲಿಗೆ ಹಾಕಿದರೆ ದಪ್ಪ ಬಟ್ಟೆಯಲ್ಲಿ ದಾರ ಹೂತುಹೋಗುತ್ತದೆ.

ಪದರ ಸರಿಯುವುದಕ್ಕೆ ಕಾರಣ ಸರಳ. ಕೆಳಗಿನ ಹಲ್ಲುಗಳು ಅಸ್ತರನ್ನು ಮುಂದಕ್ಕೆ ಒಯ್ಯುತ್ತವೆ, ಮೇಲಿನ ಪಾದ ಜೀನ್ಸನ್ನು ತಡೆದು ಹಿಡಿಯುತ್ತದೆ. ಇದಕ್ಕೆಂದೇ ವಾಕಿಂಗ್ ಫೂಟ್ ಎಂಬ ಪಾದವಿದೆ. ಅದರ ಕವಲನ್ನು ಸೂಜಿ ಹಿಡಿಯುವ ತಿರುಪಿನ ಮೇಲೆ ಕೂರಿಸಿದರೆ, ಸೂಜಿ ಎದ್ದು ಇಳಿದಂತೆ ಮೇಲಿನ ಹಲ್ಲುಗಳೂ ಎದ್ದು ಇಳಿದು ಬಟ್ಟೆಯನ್ನು ಸರಿಸುತ್ತವೆ. ಕೊಳ್ಳುವ ಮೊದಲು ನಿಮ್ಮ ಯಂತ್ರದ ಪಾದ ಇಳಿಸಿ, ಪಾದದ ತಿರುಪಿನ ನಡುವಿನಿಂದ ತಳದ ತಟ್ಟೆಯವರೆಗೆ ಅಳೆದುಕೊಳ್ಳಿ. ಮುಕ್ಕಾಲು ಇಂಚಿನ ಒಳಗಿದ್ದರೆ ಲೋ ಶ್ಯಾಂಕ್, ಒಂದು ಇಂಚು ದಾಟಿದರೆ ಹೈ ಶ್ಯಾಂಕ್. ಒಂದರ ಪಾದ ಇನ್ನೊಂದಕ್ಕೆ ಕೂರುವುದಿಲ್ಲ. ಜೊತೆಗೆ ಪಾದದ ಒತ್ತಡದ ತಿರುಪನ್ನು ಸ್ವಲ್ಪ ಸಡಿಲಿಸಿ. ಎಲ್ಲ ಸಾಲುಗಳನ್ನೂ ಒಂದೇ ದಿಕ್ಕಿನಿಂದ ಆರಂಭಿಸಿ. ಒಂದು ಸಾಲು ಹೋಗುತ್ತ, ಮುಂದಿನದು ಬರುತ್ತ ಹೊಲಿದರೆ ನಡುವಿನ ಬಟ್ಟೆ ತಿರುಚಿಕೊಳ್ಳುತ್ತದೆ.

ಇನ್ನು ಸೂಜಿ ಮುರಿಯುವ ವಿಷಯ. ಕೂಡುವ ಜಾಗದಲ್ಲಿ ಹೊಲಿಗೆಯಂಚನ್ನು ಎರಡೂ ಬದಿಗೆ ಬಿಡಿಸಿ ಇಸ್ತ್ರಿ ಮಾಡಿ, ಮರದ ಸುತ್ತಿಗೆಯಿಂದ ತಟ್ಟಿ, ಆ ಒಂದೆರಡು ಹೊಲಿಗೆಯನ್ನು ಕೈಯಿಂದ ಚಕ್ರ ತಿರುಗಿಸಿ ದಾಟಿಸಿ. ಆದರೆ ಮಡಿಕೆಯ ದಪ್ಪಕ್ಕಿಂತ ದೊಡ್ಡ ಕಾರಣ ಭಾರ. ಲೆಕ್ಕ ಹಾಕಿ: 60×90 ಇಂಚಿನ ಕೌದಿ ಎಂದರೆ ಸುಮಾರು 3.5 ಚದರ ಮೀಟರ್. 12 ಔನ್ಸಿನ ಜೀನ್ಸ್ ಬಟ್ಟೆ ಚದರ ಮೀಟರಿಗೆ ಸುಮಾರು 400 ಗ್ರಾಂ ತೂಗುತ್ತದೆ. ಮೇಲಿನ ಪದರವೊಂದೇ 1.4 ಕಿಲೋ ಆಯಿತು. ಅದರ ಮೇಲೆ ಹೊಲಿಗೆಯಂಚು, ಹತ್ತಿ, ಅಸ್ತರು. ಅಷ್ಟೂ ಮೇಜಿನಿಂದ ಕೆಳಗೆ ಜೋತುಬಿದ್ದು ಎಳೆಯುತ್ತಿದ್ದರೆ ಸೂಜಿ ಓರೆಯಾಗಿ ತಟ್ಟೆಗೆ ಬಡಿಯದೆ ಇನ್ನೇನು ಮಾಡೀತು? ಯಂತ್ರದ ಎಡಕ್ಕೂ ಹಿಂದಕ್ಕೂ ಅದೇ ಎತ್ತರದ ಹಲಗೆ ಅಥವಾ ಮೇಜು ಜೋಡಿಸಿ, ಇಡೀ ಕೌದಿ ಅದರ ಮೇಲೆ ಮಲಗಲಿ. ನಾನು ಕೊಡುವ ಸಲಹೆಗಳಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ.

ಮೋಟಾರಿನ ವಿಚಾರಕ್ಕೆ ನನ್ನ ಒಪ್ಪಿಗೆಯಿಲ್ಲ. ಸಣ್ಣ ಮೋಟಾರು ವೇಗವನ್ನು ಕೊಡುತ್ತದೆ, ದಪ್ಪ ಬಟ್ಟೆಗೆ ಬೇಕಾದ ಬಲವನ್ನು ಕೊಡುವುದಿಲ್ಲ. ಕಾಲಿನಿಂದ ತುಳಿಯುವಾಗ ಒಂದೊಂದೇ ಹೊಲಿಗೆ ನಿಲ್ಲಿಸಿ ಹಾಕುವ ಹಿಡಿತವಿದೆಯಲ್ಲ, ಅದೂ ಹೋಗುತ್ತದೆ. ಕರೆಂಟು ಇಲ್ಲದ ಹೊತ್ತಿಗೂ ನಿಮ್ಮ ಯಂತ್ರ ದುಡಿಯುತ್ತದೆ, ಅದನ್ನು ಹಾಗೆಯೇ ಉಳಿಸಿಕೊಳ್ಳಿ.

ಬೇಡಿಕೆ ನಿಲ್ಲದೆ ಬರುವುದು ಖಚಿತವಾದರೆ ನಿಮ್ಮ ಭಾವನವರ ಮಾತೇ ಸರಿ: ಕಾರ್ಖಾನೆಯ ಒಂಟಿ ಸೂಜಿ ಯಂತ್ರ. ತೋಳಿನ ಕೆಳಗೆ 10 ಇಂಚಿನಷ್ಟು ಜಾಗ, ಅಗಲವಾದ ಮೇಜು, ಮೊಣಕಾಲಿನಿಂದ ಪಾದ ಎತ್ತುವ ಅನುಕೂಲ ಎಲ್ಲವೂ ಇರುತ್ತವೆ. ಜೂಕಿಯ 8700ರಂಥ ಮಾದರಿಗಳಲ್ಲಿ ಹೆಸರಿನ ಕೊನೆಗೆ ಎಚ್ ಅಕ್ಷರವಿದ್ದರೆ ಅದು ದಪ್ಪ ಬಟ್ಟೆಗೆ ಮಾಡಿದ್ದು, ಅದನ್ನೇ ಕೇಳಿ. ಹಳೆಯ ಕ್ಲಚ್ ಮೋಟಾರು ನೀವು ಹೊಲಿಯದೆ ಕುಳಿತಾಗಲೂ ತಿರುಗುತ್ತಲೇ ಇರುತ್ತದೆ, ಪೆಡಲ್ ಮುಟ್ಟಿದರೆ ಓಡುತ್ತದೆ. ಸರ್ವೋ ಮೋಟಾರು ತುಳಿದಾಗಷ್ಟೇ ತಿರುಗುತ್ತದೆ, ವೇಗವನ್ನು ಬೇಕಾದಷ್ಟು ತಗ್ಗಿಸಬಹುದು. ಮನೆಗೆ ಸರ್ವೋ ಇಲ್ಲದೆ ಒಯ್ಯಬೇಡಿ.

ಹಳೆಯ ಯಂತ್ರ ನೋಡಲು ಹೋದಾಗ ಬಣ್ಣ ನೋಡಬೇಡಿ. ಚಕ್ರವನ್ನು ಕೈಯಿಂದ ಪೂರ್ತಿ ತಿರುಗಿಸಿ, ಎಲ್ಲಿಯೂ ಕಚ್ಚಬಾರದು. ಸೂಜಿಯ ದಂಡವನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿ, ಸಡಿಲವಿರಬಾರದು. ಕೆಳಗಿನ ಕೊಕ್ಕೆಯ ತುದಿಯ ಮೇಲೆ ಉಗುರು ಆಡಿಸಿ, ಗೀರಿದರೆ ಅದೇ ಮುಂದೆ ದಾರ ಕಡಿಯುತ್ತದೆ. ಮೇಲೆ ಕೆಂಪು, ಕೆಳಗೆ ಬಿಳಿ ದಾರ ಹಾಕಿಸಿ ಮೊದಲು ಎರಡು ಪದರ, ಆಮೇಲೆ ಎಂಟು ಪದರ ಜೀನ್ಸ್ ಹೊಲಿದು ತೋರಿಸಲು ಹೇಳಿ. ಕೆಂಪು ಕೆಳಗೆ ಇಣುಕಬಾರದು, ಬಿಳಿ ಮೇಲೆ ಬರಬಾರದು. ನಿಮ್ಮದೇ ತುಂಡುಗಳನ್ನು ಒಯ್ಯಿರಿ.

---

ದಬ್ಬಣ, ಮಾನ್ವಿ

ಯಂತ್ರದ ಬಗ್ಗೆ ಮೇಲಿನವರು ಬರೆದದ್ದನ್ನು ಒಪ್ಪುತ್ತೇನೆ. ಆದರೆ ನಡುವೆ ಹತ್ತಿ ಏಕೆ ಎಂದು ಅವರೂ ಕೇಳಲಿಲ್ಲ. ರಾಯಚೂರಿನ ಮಾರುಕಟ್ಟೆಗೆ ಗಾಡಿಗಟ್ಟಲೆ ಹತ್ತಿ ಬರುವ ಜಿಲ್ಲೆಯವಳಾಗಿಯೇ ಹೇಳುತ್ತಿದ್ದೇನೆ, ಜೀನ್ಸಿನ ಕೌದಿಗೆ ಹತ್ತಿ ತುಂಬಬೇಡಿ. ಬಿಡಿ ಹತ್ತಿ ಎರಡು ಮೂರು ಇಂಚಿಗೊಂದು ಸಾಲು ಹೊಲಿಯದಿದ್ದರೆ ಒಗೆದಾಗ ಉಂಡೆಗಟ್ಟುತ್ತದೆ. ನಮ್ಮ ಬಿಸಿಲಿಗೆ ಅಷ್ಟು ದಪ್ಪವೂ ಬೇಡ. ಒಳಗೆ ಒಂದು ಹಳೆಯ ಹತ್ತಿ ಸೀರೆ, ಕೆಳಗೆ ಒಂದು ಧೋತರ ಸಾಕು. ಹಲವು ಸಲ ಒಗೆದು ಮೆತ್ತಗಾದ ಸೀರೆ ಹೊಸದಾಗಿ ಕುಗ್ಗುವುದಿಲ್ಲ, ಸರಿಯುವುದೂ ಕಡಿಮೆ.

ಇನ್ನೊಂದು ಮಾತು. ನೆಲದ ಮೇಲೆ ಹಾಸಿ ಕೈಯಿಂದ ಹೊಲಿಯುವಾಗ ನಾವು ಅಂಚಿನಿಂದ ಆರಂಭಿಸಿ ಸುತ್ತು ಹಾಕುತ್ತ ನಡುವಿಗೆ ಬರುತ್ತೇವೆ. ಮೂಲೆಗೆ ಗುಂಡುಕಲ್ಲು ಇಟ್ಟಿರುತ್ತೇವೆ, ಕೈ ಪ್ರತಿ ಸಾಲಿನಲ್ಲೂ ಬಟ್ಟೆಯನ್ನು ಸವರಿ ಸಮ ಮಾಡುತ್ತದೆ. ಯಂತ್ರದಲ್ಲಿ ಈ ಕ್ರಮ ನಡೆಯುವುದಿಲ್ಲ. ಹೆಚ್ಚಾದ ಬಟ್ಟೆಯೆಲ್ಲ ನಡುವಿಗೆ ಬಂದು ಸಿಕ್ಕಿಬೀಳುತ್ತದೆ. ಮೊದಲ ಸಾಲನ್ನು ನಟ್ಟನಡುವೆ ಹಾಕಿ, ಅಲ್ಲಿಂದ ಒಂದು ಬದಿಯ ಅಂಚಿಗೆ, ಆಮೇಲೆ ಇನ್ನೊಂದು ಬದಿಗೆ ಹೋಗಿ. ಹೊಲಿಯುವ ಮೊದಲು ಗೇಣಿಗಿಂತ ಕಡಿಮೆ ಅಂತರದಲ್ಲಿ ಕಚ್ಚಾ ಟಾಕು ಹಾಕುವುದನ್ನು ಬಿಡಬೇಡಿ. ಪಿನ್ನುಗಳಾದರೆ ನಾಲ್ಕು ಇಂಚಿಗೊಂದು.

ಅತ್ತೆಯವರ ಕೈಹೊಲಿಗೆಯ ಬಗ್ಗೆ ಓದಿದಾಗಿನಿಂದ ಅದನ್ನು ಬಿಟ್ಟು ಈ ಕೌದಿ ಮಾಡುವುದು ನನಗೆ ಸರಿಕಾಣುತ್ತಿಲ್ಲ. ಜೀನ್ಸಿನ ಮೂಲಕ ಕೈಸೂಜಿ ಎಳೆದರೆ ಬೆರಳು ಉಳಿಯುವುದಿಲ್ಲ, ನಿಜ. ಜೀನ್ಸನ್ನು ನಡುಭಾಗಕ್ಕಷ್ಟೇ ಇಟ್ಟು, ಸುತ್ತಲೂ ಒಂದು ಗೇಣು ಇಳಕಲ್ ಸೀರೆಯ ಅಂಚು ಕೊಡಿ. ನಡುಭಾಗ ಯಂತ್ರಕ್ಕೆ, ಅಂಚು ಅತ್ತೆಯವರಿಗೆ. ವಸತಿಗೃಹದವರು ಒಪ್ಪದಿದ್ದರೆ ಒಂದನ್ನು ಹೊಲಿದು ತೋರಿಸಿ, ಒಪ್ಪುತ್ತಾರೆ. ಭಾರವೂ ಇಳಿಯುತ್ತದೆ.

---

ಕನ್ನಡಿಹೂ, ಸಂಡೂರು

ನಾವು ಲಂಬಾಣಿ ಕಸೂತಿ ಮಾಡುವವರು. ಸಂಡೂರಿನ ಈ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಜೀನ್ಸ್ ನೀಲಿಯ ಮೇಲೆ ಕನ್ನಡಿ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಯಂತ್ರದ ಪಾದದ ಕೆಳಗೆ ಕನ್ನಡಿ ಸಿಕ್ಕರೆ ಒಡೆಯುತ್ತದೆ. ಕಸೂತಿಯನ್ನು ಬೇರೆ ತುಂಡಿನ ಮೇಲೆ ಮಾಡಿಕೊಂಡು, ಕೌದಿಯ ಹೊಲಿಗೆಯೆಲ್ಲ ಮುಗಿದ ಮೇಲೆ ಚೌಕದ ನಡುವೆ ಕೈಯಿಂದ ಕೂಡಿಸಿ.

ಬಣ್ಣದ ಎಚ್ಚರಿಕೆಯೂ ಇರಲಿ. ಜೀನ್ಸಿನ ನೀಲಿ ನೂಲಿನ ಒಳಗೆ ಪೂರ್ತಿ ಇಳಿದಿರುವುದಿಲ್ಲ, ಮೇಲ್ಮೈಯಲ್ಲಿ ಕುಳಿತಿರುತ್ತದೆ. ಉಪ್ಪು ಹಾಕಿ ನೆನೆಸಿದರೆ ನಿಲ್ಲುತ್ತದೆ ಎನ್ನುವುದು ನೀಲಿಯ ಮಟ್ಟಿಗೆ ಸುಳ್ಳು. ನೀರು ತಿಳಿಯಾಗುವವರೆಗೆ ತುಂಡುಗಳನ್ನು ತಣ್ಣೀರಿನಲ್ಲಿ ಒಗೆಯುತ್ತಲೇ ಇರಬೇಕು. ಬಿಳಿ ಧೋತರದ ಅಸ್ತರಿಗೆ ನನ್ನ ಮತವಿಲ್ಲ, ಗಾಢ ಬಣ್ಣದ ಸೀರೆ ಇರಲಿ. ಎಳೆದರೆ ರಬ್ಬರಿನಂತೆ ಹಿಗ್ಗುವ ಜೀನ್ಸ್ ತುಂಡುಗಳನ್ನು ಮೊದಲೇ ಬೇರ್ಪಡಿಸಿ. ಹಿಗ್ಗುವುದನ್ನೂ ಹಿಗ್ಗದಿರುವುದನ್ನೂ ಕೂಡಿಸಿದರೆ ಕೌದಿ ಉಬ್ಬುತ್ತದೆ.

---

ಕೌದಿಮನೆ, ಕುಕನೂರು

ಮೂವರಿಗೂ ಮನಃಪೂರ್ವಕ ವಂದನೆಗಳು. ಪಾದ ಎತ್ತಿ ದಾರ ಪೋಣಿಸಿದ ಕೂಡಲೇ ಗೊಂಚಲು ನಿಂತಿತು. ಯಂತ್ರದ ಪಕ್ಕಕ್ಕೆ ಮಕ್ಕಳು ಓದುವ ಮೇಜನ್ನು, ಕೆಳಗೆ ಹಲಗೆ ಕೊಟ್ಟು ಎತ್ತರಿಸಿ ಜೋಡಿಸಿದ್ದೇವೆ. ಹತ್ತಿ ತೆಗೆದು ಸೀರೆ ಹಾಕಿದ್ದರಿಂದ ಸುರುಳಿಯೂ ತೆಳುವಾಯಿತು. ಇಳಕಲ್ ಅಂಚಿನ ಮಾತು ಓದಿ ಹೇಳಿದಾಗ ಅತ್ತೆ ಆಗಲೇ ಪೆಟ್ಟಿಗೆ ತೆರೆದು ಕೆಂಪು ಅಂಚಿನ ಎರಡು ಸೀರೆಗಳನ್ನು ತೆಗೆದಿಟ್ಟಿದ್ದಾರೆ. ಮೊದಲ ಕಂತಿನ ಕೌದಿಗಳನ್ನು ಇರುವ ಯಂತ್ರದಲ್ಲಿಯೇ ಹೊಲಿದು ಕೊಡುತ್ತೇವೆ. ಮುಂದಿನ ಬೇಡಿಕೆ ಬಂದ ಮೇಲೆ ಬಳ್ಳಾರಿಗೆ ಹೋಗಿ ಎಚ್ ಅಕ್ಷರದ ಯಂತ್ರ ನೋಡುತ್ತೇನೆ.

ಎರಡು ಸಂದೇಹ ಉಳಿದಿವೆ. ಕಾರ್ಖಾನೆಯ ಯಂತ್ರಕ್ಕೆ ಈಗಿನ ಸೂಜಿಗಳೇ ನಡೆಯುತ್ತವೆಯೇ? ಉರುಳುವ ಕತ್ತರಿಯ ಬಗ್ಗೆ ಯಾರೂ ಹೇಳಲಿಲ್ಲ.

---

ಸೂಜಿಗಣ್ಣು, ಬಳ್ಳಾರಿ

ಸೂಜಿ ನಡೆಯುವುದಿಲ್ಲ. ಮನೆಯ ಯಂತ್ರದ ಸೂಜಿಯ ಬುಡ ಒಂದು ಬದಿ ಚಪ್ಪಟೆಯಾಗಿರುತ್ತದೆ, ಕಾರ್ಖಾನೆಯದು ಪೂರ್ತಿ ದುಂಡು. ಅದಕ್ಕೆ ಡಿಬಿ×1 ಎಂದು ಕೇಳಿ, 16 ಮತ್ತು 18ನೇ ನಂಬರು ಎರಡನ್ನೂ ಇಟ್ಟುಕೊಳ್ಳಿ. ಎಣ್ಣೆಯ ತೊಟ್ಟಿಯಲ್ಲಿ ಮೇಲಿನ ಮತ್ತು ಕೆಳಗಿನ ಗುರುತುಗಳ ನಡುವೆ ಎಣ್ಣೆ ಇರಬೇಕು. ಪ್ರತಿದಿನ ಮೊದಲು ಒಂದು ಹಳೆಯ ಬಟ್ಟೆಯ ಮೇಲೆ ನಾಲ್ಕು ಸಾಲು ಓಡಿಸಿ ಆಮೇಲೆ ಕೌದಿಗೆ ಕೈಹಾಕಿ, ಇಲ್ಲದಿದ್ದರೆ ಸೀರೆಗೆ ಎಣ್ಣೆಯ ಕಲೆ ಹತ್ತುತ್ತದೆ.

ಉರುಳುವ ಕತ್ತರಿ ಒಳ್ಳೆಯದೇ, ಆದರೆ ಜೀನ್ಸಿನಲ್ಲಿ ಅಲಗು ಬೇಗ ಮೊಂಡಾಗುತ್ತದೆ, ಅಲಗು ಮತ್ತು ಚಾಪೆಯ ಖರ್ಚು ನಿಲ್ಲುವುದಿಲ್ಲ. ಕೊಳ್ಳುವುದಾದರೆ 45 ಮಿಲಿಮೀಟರಿನದು ಬೇಡ, 60ರದು ಕೊಳ್ಳಿ. ಸದ್ಯಕ್ಕೆ ಸಾಣೆ ಹಿಡಿಸಿದ 10 ಇಂಚಿನ ದರ್ಜಿ ಕತ್ತರಿ, ತಗಡಿನಲ್ಲಿ ಕತ್ತರಿಸಿದ ಚೌಕದ ಅಚ್ಚು ಮತ್ತು ಸೀಮೆಸುಣ್ಣ ಸಾಕು. ಆ ಕತ್ತರಿಯಿಂದ ಕಾಗದ ಕತ್ತರಿಸಲು ಮನೆಯಲ್ಲಿ ಯಾರಿಗೂ ಬಿಡಬೇಡಿ.