ಹಿಂಬದಿ ಶಾಕ್: ಗಾಳಿಯದ್ದೋ, ಕಾಯಿಲ್‌ನದ್ದೋ? ಅನುಭವ ಇರುವವರು ತಿಳಿಸಿ

ಬದಿಯಡ್ಕ:
ನನ್ನ ಸೈಕಲ್ಲಿನ ಹಿಂದಿನ ಚಕ್ರಕ್ಕೆ 140 ಮಿ.ಮೀ. ಮೇಲೆ ಕೆಳಗಿನ ಚಲನೆ ಇದೆ, ಏಟು ಹೀರುವ ಶಾಕ್‌ನ ಅಳತೆ 210×55 (ಉದ್ದ 210 ಮಿ.ಮೀ., ಅದುಮಿದಾಗ ಕುಗ್ಗುವ ಸ್ಟ್ರೋಕ್ 55). ಬ್ಯಾಗು, ನೀರು ಎಲ್ಲ ಸೇರಿ ನನ್ನ ತೂಕ 68 ಕಿಲೋ. ಓಡಾಟವೆಲ್ಲ ಮುಳ್ಳೇರಿಯ, ಅಡೂರು ಕಡೆಯ ಮುರಕಲ್ಲಿನ ಗುಡ್ಡೆಗಳಲ್ಲಿ; ಬಿಡುವಾದಾಗ ಪೊಸಡಿಗುಂಪೆಯ ಇಳಿಜಾರಿನಲ್ಲಿ. ಈ ಮಳೆಗಾಲ ಕಳೆದ ಮೇಲೆ ಏರ್ ಶಾಕ್‌ನ ದಂಡದ ಮೇಲೆ ಎಣ್ಣೆ ಕಾಣಿಸುತ್ತಿದೆ. ಇಳಿಯಲು ತೊಡಗಿದಾಗ ಸರಿಯಾಗಿಯೇ ಇದ್ದು, ಅರ್ಧ ದಾರಿಯಲ್ಲಿ ರಿಬೌಂಡ್ (ಕುಗ್ಗಿದ ಶಾಕ್ ಮತ್ತೆ ಮೇಲೇಳುವ ವೇಗ) ಹಿಡಿತ ತಪ್ಪಿ ಪುಟಿಯತೊಡಗುತ್ತದೆ. ಇದನ್ನೇ ರಿಪೇರಿ ಮಾಡಿಸಬೇಕೇ, ಪಿಗ್ಗಿಬ್ಯಾಕ್ (ಎಣ್ಣೆಯ ಹೆಚ್ಚುವರಿ ಕೋಣೆ) ಇರುವ ಹೊಸ ಏರ್ ಶಾಕ್ ಕೊಳ್ಳಬೇಕೇ, ಅಥವಾ ಸುರುಳಿ ಸ್ಪ್ರಿಂಗಿನ ಕಾಯಿಲ್‌ಗೆ ಹೋಗಬೇಕೇ?

ಪೆರ್ಲ:
ಕಾಯಿಲ್ ಹಾಕಿಸಿ. ನಾನು ಹಾಕಿಸಿದ್ದೇನೆ, ಇನ್ನು ಗಾಳಿಯ ಶಾಕ್ ಮುಟ್ಟುವವನಲ್ಲ. ನನ್ನದು 150 ಮಿ.ಮೀ. ಚಲನೆಯ ಫ್ರೇಮ್, ಶಾಕ್ 230×60. ಬೆಂಗಳೂರಿನ ಒಬ್ಬರಿಂದ ಬಳಸಿದ ಕಾಯಿಲ್ ಶಾಕನ್ನು 29,500 ರೂಪಾಯಿಗೆ ತೆಗೆದುಕೊಂಡೆ. ಸ್ಪ್ರಿಂಗ್ ಸಹಿತ ಎಂದು ಮಾರಿದವರು ಹೇಳಿದ್ದರು. ಬಂದದ್ದು 300 ಪೌಂಡಿನ (ಒಂದು ಅಂಗುಲ ಅದುಮಲು ಬೇಕಾದ ಬಲ) ಸ್ಪ್ರಿಂಗ್, 55 ಕಿಲೋ ತೂಗುವ ಹುಡುಗರಿಗೆ ಆಗುವಂಥದ್ದು. ನನ್ನ ತೂಕ 82. ಚಲನೆಯನ್ನು ಸ್ಟ್ರೋಕ್‌ನಿಂದ ಭಾಗಿಸಿ ಬರುವ 2.5ರ ಅನುಪಾತ ಹಿಡಿದು ಲೆಕ್ಕ ಹಾಕಿಕೊಟ್ಟ ಅಂಗಡಿಯವರು 400 ಸಾಕೆಂದರು. 5,200 ಕೊಟ್ಟು ತರಿಸಿ, ಸೈಕಲ್ ಮೇಲೆ ಕುಳಿತು ಅಳೆದರೆ 21 ಮಿ.ಮೀ. ಸ್ಯಾಗ್ (ಸವಾರನ ತೂಕಕ್ಕೇ ಶಾಕ್ ಕುಗ್ಗುವಷ್ಟು), ಅಂದರೆ ಸ್ಟ್ರೋಕ್‌ನ ಶೇ. 35, ಹೆಚ್ಚಾಯಿತು. ಏಕೆಂದರೆ 2.5 ಎಂಬುದು ಬರಿಯ ಸರಾಸರಿ. ನನ್ನ ಫ್ರೇಮಿನ ಅನುಪಾತ ಚಲನೆಯ ಆರಂಭದಲ್ಲಿ 2.8ರ ಆಸುಪಾಸಿನಲ್ಲಿದ್ದು ಕೊನೆಯತ್ತ ಇಳಿಯುತ್ತದೆ, ಕುಳಿತಾಗ ಲೆಕ್ಕಕ್ಕೆ ಬರುವುದು ಆರಂಭದ ಅಂಕಿಯೇ. ಸ್ಪ್ರಿಂಗನ್ನು ಮೊದಲೇ ಒತ್ತಿ ಹಿಡಿಯುವ ಪ್ರಿಲೋಡ್ ಬಳೆಯನ್ನು ಬಿಗಿದು ಸರಿಮಾಡಿಕೊಳ್ಳಿ ಎಂದು ಅದೇ ಅಂಗಡಿಯವರ ಇನ್ನೊಂದು ಉಪದೇಶ. ಬಳೆ ಸ್ಪ್ರಿಂಗಿಗೆ ತಾಗಿದ ಮೇಲೆ ಒಂದೆರಡು ಸುತ್ತಿಗಿಂತ ಹೆಚ್ಚು ಬಿಗಿದರೆ ಸಣ್ಣ ಕಲ್ಲಿನ ಏಟುಗಳೆಲ್ಲ ನೇರ ಬೆನ್ನಿಗೇ ಬರುತ್ತವೆ. ಹಾಗಾಗಿ 450 ತರಿಸಿದೆ, ಮತ್ತೆ 5,200. ಎರಡು ಸಲದ ಕೊರಿಯರ್ 1,900, ಎರಡು ಬದಿಯ ಬುಷ್ 1,450. ಒಟ್ಟು 43,250. ಈಗ ಸ್ಯಾಗ್ 19 ಮಿ.ಮೀ.ಗಿಂತ ತುಸು ಕಡಿಮೆ. ಮುರಕಲ್ಲಿನ ಪಾದೆಯ ಮೇಲೆ ಹಿಂದಿನ ಚಕ್ರ ನೆಲ ಬಿಡುವುದಿಲ್ಲ. ಕೊಟ್ಟ ಒಂದೊಂದು ರೂಪಾಯಿಯೂ ಸಾರ್ಥಕ.

ತಾಳವಾಡಿ:
ಮೇಲಿನವರು 43,250 ರೂಪಾಯಿ, ಮೂರು ಸ್ಪ್ರಿಂಗು ಮತ್ತು ಎರಡು ಕೊರಿಯರ್ ವ್ಯಯಿಸಿ ಸಾಧಿಸಿದ್ದನ್ನು ನಾನು ಪಂಪು ಹಿಡಿದು ಎರಡು ನಿಮಿಷದಲ್ಲಿ ಮಾಡುತ್ತೇನೆ. ಕಾಯಿಲ್ ನನ್ನಲ್ಲೂ ಇತ್ತು. ನನ್ನ ಹಳೆಯ ಫ್ರೇಮಿನ ಅನುಪಾತ ಮೊದಲಿನಿಂದ ಕೊನೆಯವರೆಗೆ ಹೆಚ್ಚು ಕಡಿಮೆ ಒಂದೇ. ಸ್ಪ್ರಿಂಗ್ ತಾನಾಗಿ ಕೊನೆಯಲ್ಲಿ ಗಟ್ಟಿಯಾಗುವುದಿಲ್ಲ, ಫ್ರೇಮೂ ಅದಕ್ಕೆ ಆ ನೆರವು ಕೊಡಲಿಲ್ಲ. ಒಂದಾಳೆತ್ತರದ ಬಂಡೆಯಿಂದ ಇಳಿದಾಗಲೆಲ್ಲ ತಳಕ್ಕೆ ಬಡಿದ ಸದ್ದು ಹೊಲದಲ್ಲಿದ್ದವರಿಗೂ ಕೇಳಿಸುತ್ತಿತ್ತು. ಕೊನೆಗೆ ತಳದ ರಬ್ಬರ್ ಬಂಪರ್ ಹರಿದು 2,100, ಬಾಗಿದ ಬೋಲ್ಟಿಗೆ 650. ಅದನ್ನು ನಷ್ಟಕ್ಕೆ ಮಾರಿ ಪಿಗ್ಗಿಬ್ಯಾಕ್ ಇರುವ ಏರ್ ಶಾಕ್ ಹಾಕಿಸಿದೆ. 190 ಪಿಎಸ್‌ಐ ಗಾಳಿ, ಒಳಗೆ ಎರಡು ವಾಲ್ಯೂಮ್ ಸ್ಪೇಸರ್ (ಗಾಳಿಯ ಜಾಗ ತಗ್ಗಿಸುವ ತುಂಡು). ಸ್ಪೇಸರ್ ಹಾಕಿದರೆ ಸ್ಯಾಗ್ ಹೆಚ್ಚೇನೂ ಬದಲಾಗುವುದಿಲ್ಲ, ಚಲನೆಯ ಕೊನೆಯ ಭಾಗ ಮಾತ್ರ ಗಟ್ಟಿಯಾಗುತ್ತದೆ. ಒಂದು ಕ್ರಮವನ್ನು ಮಾತ್ರ ತಪ್ಪಿಸಬಾರದು: 50 ಪಿಎಸ್‌ಐ ತುಂಬಿದ ಕೂಡಲೇ ಶಾಕನ್ನು ನಿಧಾನವಾಗಿ ಹತ್ತಾರು ಸಲ ಅದುಮಿ ಬಿಡಬೇಕು, ಆಗ ಎದುರು ಬದಿಯ ನೆಗೆಟಿವ್ ಕೋಣೆಗೂ ಗಾಳಿ ಹೋಗಿ ಎರಡೂ ಕಡೆ ಸಮವಾಗುತ್ತದೆ, ಅನಂತರವೇ ಉಳಿದದ್ದನ್ನು ತುಂಬಬೇಕು. ನಮ್ಮ ದಿಂಬಂ ಘಾಟಿಯ ಇಳಿಜಾರಿನವರಿಗೆ ಕಾಯಿಲ್‌ನ ಮಹಿಮೆ ಹೇಳುವ ಅಗತ್ಯ ಇಲ್ಲ.

ಪೆರ್ಲ:
ದಿಂಬಂ ಘಾಟಿ ಡಾಂಬರು ರಸ್ತೆ. ಅದರ 27 ತಿರುವುಗಳಲ್ಲಿ ಬಿಸಿಯಾಗುವುದು ಬ್ರೇಕು, ಶಾಕ್ ಅಲ್ಲ. ಅಲ್ಲಿ ಇಳಿದವರು ಮುರಕಲ್ಲಿನ ಬಗ್ಗೆ ತೀರ್ಪು ಕೊಡುವುದು ಬೇಡ.

ತಾಳವಾಡಿ:
ಊರಿನ ಗುರುತಿಗೆಂದು ಘಾಟಿಯ ಹೆಸರು ಹೇಳಿದೆ. ಸುತ್ತಲಿನ ಕಾಡು 2013ರಿಂದ ಸತ್ಯಮಂಗಲ ಹುಲಿ ಮೀಸಲು, ಅದರೊಳಗೆ ಸೈಕಲ್ ನುಗ್ಗಿಸುವ ಜಾತಿಯವರು ನಾವಲ್ಲ. ನಾವು ಓಡಿಸುವುದು ಹೊಲದಂಚಿನ ಕಲ್ಲುದಾರಿಗಳಲ್ಲಿ. ಇನ್ನು, ಅನುಪಾತದ ಪಾಠ ಹೇಳಿದವರೇ ಬದಿಯಡ್ಕದವರ ಫ್ರೇಮಿನ ಅನುಪಾತ ಯಾವ ಬಗೆಯದೆಂದು ಕೇಳದೆ ಕಾಯಿಲ್ ಹಾಕಿಸಿ ಎಂದಿದ್ದೀರಿ.

ಮಂಜೇಶ್ವರ:
ಇಬ್ಬರೂ ಪ್ರಶ್ನೆಯನ್ನೇ ಓದಿಲ್ಲ. ದಂಡದ ಮೇಲೆ ಎಣ್ಣೆ, ಇಳಿಯುತ್ತಿದ್ದಂತೆ ರಿಬೌಂಡ್ ತಪ್ಪುವುದು ಎಂದರೆ ಡ್ಯಾಂಪರ್‌ನ (ಶಾಕ್‌ನ ವೇಗಕ್ಕೆ ಎಣ್ಣೆಯಿಂದ ತಡೆ ಹಾಕುವ ಒಳಭಾಗದ) ಎಣ್ಣೆಯಲ್ಲಿ ಗಾಳಿ ಬೆರೆತಿದೆ ಎಂದೇ ಹೆಚ್ಚಾಗಿ ಅರ್ಥ. ಹೊರಗಿನ ಏರ್ ಕ್ಯಾನ್ (ಗಾಳಿ ತುಂಬುವ ಡಬ್ಬಿ) ಬಿಚ್ಚಿ ಸೀಲ್ ಬದಲಿಸಿದರೆ ಅದು ಸರಿಯಾಗದು, ಡ್ಯಾಂಪರನ್ನೇ ಬಿಚ್ಚಬೇಕು. ಶಾಕ್ ತಯಾರಿಸುವ ರಾಕ್‌ಶಾಕ್ಸ್‌ನವರು ಏರ್ ಕ್ಯಾನಿನ ಸರ್ವಿಸ್ 50 ಗಂಟೆಯ ಓಟಕ್ಕೊಮ್ಮೆ, ಡ್ಯಾಂಪರಿನದು 200 ಗಂಟೆಗೊಮ್ಮೆ ಎನ್ನುತ್ತಾರೆ. ಫಾಕ್ಸ್‌ನವರು 125 ಗಂಟೆ ಅಥವಾ ವರ್ಷಕ್ಕೊಮ್ಮೆ ಎನ್ನುತ್ತಾರೆ. ಜೂನಿನಿಂದ ಸೆಪ್ಟೆಂಬರಿನ ತನಕ ಕೆಂಪು ರಾಡಿಯಲ್ಲಿ ಓಡಿಸುವ ನಮಗೆ ಈ ಅಂಕಿಗಳೂ ಉದಾರವೇ.

ನನ್ನ ಕಥೆ ಕೇಳಿ. ಇದೇ ಲಕ್ಷಣ ಕಂಡು ದೊಡ್ಡ ನಗರವೊಂದರ ಸರ್ವಿಸ್ ಕೇಂದ್ರಕ್ಕೆ ಕಳುಹಿಸಿದೆ. ಮಳೆ ಹಿಡಿಯುವ ಮೊದಲು ಹೋದದ್ದು ನವರಾತ್ರಿಗೆ ಬಂತು. ಕೂಲಿ 6,800, ಸೀಲ್ ಕಿಟ್ 3,400, ಹೋಗಿ ಬರುವ ಕೊರಿಯರ್ 1,250. ಪೊಟ್ಟಣ ಬಿಚ್ಚಿದರೆ ದಂಡದ ಮೇಲೆ ಉಗುರಿಗೆ ತಾಗುವಷ್ಟು ಆಳದ ಗೀರು, ಕಳುಹಿಸುವಾಗ ತೆಗೆದ ಫೋಟೋದಲ್ಲಿ ಅದು ಇರಲಿಲ್ಲ. ಫೋಟೋ ಕಳುಹಿಸಿದ್ದಕ್ಕೆ “ಬಳಕೆಯ ಸವೆತ” ಎಂಬ ಉತ್ತರ ಬಂತು. ಆ ಗೀರು ಹೊಸ ಸೀಲನ್ನು ಮತ್ತೆ ಕೊಯ್ದಿತು, ದಂಡಕ್ಕೇ 9,300 ಆಯಿತು. ಅಲ್ಲಿಗೆ 20,750. ಅಂದಿನಿಂದ ಏರ್ ಕ್ಯಾನಿನ ಕೆಲಸವನ್ನು ಮನೆಯಲ್ಲೇ ಮಾಡುತ್ತೇನೆ. ವಾಲ್ವ್ ಒತ್ತಿ ಗಾಳಿಯೆಲ್ಲ ಬಿಟ್ಟ ಮೇಲೆಯೇ ಕ್ಯಾನ್ ಬಿಚ್ಚಬೇಕು, ಇಲ್ಲವಾದರೆ ಅದು ಮುಖಕ್ಕೆ ಹಾರುತ್ತದೆ. ಹಳೆಯ ಗ್ರೀಸ್ ಒರೆಸಿ, ಸೀಲ್ ಮತ್ತು ವೈಪರ್ ಬದಲಿಸಿ, ಹೊಸ ಗ್ರೀಸ್ ತೆಳ್ಳಗೆ ಸವರಿದರೆ ಮುಗಿಯಿತು, ಕಿಟ್ಟಿಗೆ 1,600 ಅಷ್ಟೇ. ಡ್ಯಾಂಪರ್ ಮಾತ್ರ ಮನೆಯಲ್ಲಿ ಬೇಡ: ಅದರೊಳಗೆ ಒತ್ತಡದಲ್ಲಿ ತುಂಬಿದ ನೈಟ್ರೋಜನ್ ಇರುತ್ತದೆ. ಕಡಲ ಗಾಳಿಗೆ ಬೋಲ್ಟುಗಳೂ ತುಕ್ಕು ಹಿಡಿಯುತ್ತವೆ, ಅದರ ಖರ್ಚನ್ನು ಇಲ್ಲಿ ಸೇರಿಸಿಲ್ಲ.

ಜತ್ತ:
ಈ ಲೆಕ್ಕಗಳನ್ನು ಓದಿ ನೆಮ್ಮದಿಯಾಯಿತು. ನಾನು 1,85,000 ಕೊಟ್ಟ ಸೈಕಲ್ಲನ್ನು 92,000ಕ್ಕೆ ಮಾರಿ ಹಾರ್ಡ್‌ಟೇಲ್ ತೆಗೆದುಕೊಂಡೆ. ಹಿಂದೆ ಶಾಕ್ ಇಲ್ಲ, ಲಿಂಕೇಜಿನ ಬೇರಿಂಗ್ ಇಲ್ಲ, ಪಂಪು ಇಲ್ಲ. ನಮ್ಮ ಬಯಲಿನ ಕುರುಚಲು ದಾರಿಗಳಿಗೆ 2.4 ಅಂಗುಲದ ಟಯರ್ ಮತ್ತು ಮೊಣಕಾಲು ಸಾಕು.

ಪೆರ್ಲ:
ಕೇಳಿದ್ದು ಯಾವ ಶಾಕ್ ಎಂದು, ಶಾಕ್ ಬೇಕೇ ಎಂದಲ್ಲ. 93,000 ಕಳೆದುಕೊಂಡವರು ನಮ್ಮ ಲೆಕ್ಕ ಓದಿ ನೆಮ್ಮದಿ ಪಡುವುದು ವಿಚಿತ್ರ.

ಅಡೂರು:
ಅಳತೆಯ ವಿಷಯವನ್ನು ಯಾರೂ ಎತ್ತಲಿಲ್ಲ. 210×50 ಮತ್ತು 210×55 ಶಾಕ್‌ಗಳ ಉದ್ದ ಒಂದೇ, ಸ್ಟ್ರೋಕ್ ಮಾತ್ರ ಬೇರೆ. ನನ್ನ ಫ್ರೇಮಿಗೆ ಬೇಕಾದದ್ದು 50. ಮಾರಿದವರು 55 ಕಳುಹಿಸಿ “ಐದು ಮಿಲಿಮೀಟರ್ ಲಾಭವೇ ಆಯಿತಲ್ಲ” ಎಂದರು. ಆ ಐದು ಮಿ.ಮೀ. ಚಕ್ರದ ಬಳಿ ಹದಿಮೂರರಷ್ಟಾಗಿ, ಟಯರ್ ಸೀಟಿನ ಕೊಳವೆಗೆ ಉಜ್ಜಿ ಬಣ್ಣ ಕಿತ್ತುಬಂತು. ಬಣ್ಣಕ್ಕೆ 3,800, ಒಳಗೆ ಸ್ಟ್ರೋಕ್ ತಗ್ಗಿಸುವ ಸ್ಪೇಸರ್ ಹಾಕಿಸಲು 2,500. ಯಾವ ಶಾಕ್ ತಂದರೂ ಗಾಳಿ ಪೂರ್ತಿ ಬಿಟ್ಟು, ಕಾಯಿಲ್ ಆದರೆ ಸ್ಪ್ರಿಂಗ್ ಕಳಚಿ, ಹಿಂಬದಿಯನ್ನು ಕೊನೆಯವರೆಗೆ ಅದುಮಿ ನೋಡಿಯೇ ಗುಡ್ಡೆಗೆ ಹೋಗಬೇಕು.

ಮತ್ತೆ, ತಾಳವಾಡಿಯವರ ಪಂಪಿನ ಹೆಮ್ಮೆಗೆ ಒಂದು ಮಾತು. ಕೊಳವೆ ಬಿಚ್ಚುವಾಗ ಪ್ರತಿ ಸಲ ಗಾಳಿ ಸೋರುತ್ತದೆ. ನಾನು ಮರುದಿನ ನೋಡಿದಾಗ 190 ಇದ್ದದ್ದು 170 ತೋರಿಸಿತು.

ತಾಳವಾಡಿ:
ಬಿಚ್ಚುವಾಗ ಬುಸ್ಸೆನ್ನುವುದು ಪಂಪಿನ ಕೊಳವೆಯೊಳಗಿನ ಗಾಳಿ, ಶಾಕ್‌ನದ್ದಲ್ಲ. ಮರುದಿನ ಪಂಪು ಸಿಕ್ಕಿಸಿದಾಗ ಶಾಕ್‌ನ ಗಾಳಿ ಖಾಲಿ ಕೊಳವೆಯನ್ನು ತುಂಬುವುದರಿಂದ ಮಾಪಕ ಕಡಿಮೆ ತೋರಿಸುತ್ತದೆ. ಪಂಪು ಮಾರುವವರೇ ಹೇಳುವ ಸಂಗತಿ ಇದು. ಮಾಪಕವನ್ನು ನಂಬದೆ ದಂಡದ ಮೇಲಿನ ರಬ್ಬರ್ ಓ-ರಿಂಗ್ ಸರಿಸಿ ಸ್ಯಾಗ್ ಅಳೆಯಿರಿ.

ಅಡೂರು:
ನನ್ನ ಕಣ್ಣೆದುರು 20 ಪಿಎಸ್‌ಐ ಹೋದದ್ದನ್ನು ಇಲ್ಲವೆಂದರೆ ಏನು ಮಾಡುವುದು ಮಾರಾಯರೇ.

ಮಂಜೇಶ್ವರ:
ತಾಳವಾಡಿಯವರು ಹೇಳಿದ್ದು ಸರಿ, ಈ ಜಗಳ ಇಲ್ಲಿಗೆ ಸಾಕು. ಅದಕ್ಕಿಂತ ರಿಬೌಂಡ್ ವಿಷಯ ನೋಡಿ. ಅದರ ತಿರುಪಿನ ಕ್ಲಿಕ್ಕುಗಳನ್ನು ಪೂರ್ತಿ ಮುಚ್ಚಿದ ಕಡೆಯಿಂದ ಎಣಿಸಬೇಕು, ಇಲ್ಲವಾದರೆ ಒಬ್ಬರ ಆರು ಇನ್ನೊಬ್ಬರಿಗೆ ಎಂಟಾಗುತ್ತದೆ. ಮುರಕಲ್ಲಿನ ಪಾದೆಯಲ್ಲಿ ಗುಂಡಿಗಳು ಒಂದರ ಹಿಂದೊಂದು ಬರುತ್ತವೆ. ರಿಬೌಂಡ್ ತೀರ ನಿಧಾನವಾಗಿದ್ದರೆ ಶಾಕ್ ಒಂದು ಏಟಿನಿಂದ ಮೇಲೇಳುವ ಮೊದಲೇ ಮುಂದಿನದು ಬಿದ್ದು, ಚಲನೆಯ ತಳದಲ್ಲೇ ಸಿಲುಕುತ್ತದೆ. ಸವಾರರು ಇದನ್ನು ಗಾಳಿ ಹೆಚ್ಚಾಗಿದೆ ಎಂದು ತಿಳಿದು ಇನ್ನಷ್ಟು ಬಿಡುತ್ತಾರೆ. ತೀರ ವೇಗವಾಗಿದ್ದರೆ ಅಡಿಕೆ ಮರದ ಸಂಕದ ಮೇಲೆ ನಡೆದ ಹಾಗೆ ಎತ್ತಿ ಎಸೆಯುತ್ತದೆ. ಗಾಳಿ ಏರಿಸಿದರೆ ಅಥವಾ ಗಟ್ಟಿ ಸ್ಪ್ರಿಂಗ್ ಹಾಕಿದರೆ ರಿಬೌಂಡನ್ನು ಒಂದೆರಡು ಕ್ಲಿಕ್ ಮುಚ್ಚಲೇಬೇಕು. ಒಂದು ಸಲಕ್ಕೆ ಒಂದೇ ತಿರುಪು ಮುಟ್ಟಿ, ಅದೇ ದಾರಿಯಲ್ಲಿ ಮತ್ತೆ ಇಳಿದು ನೋಡಿ.

ಬದಿಯಡ್ಕ:
ಎಲ್ಲರಿಗೂ ಧನ್ಯವಾದಗಳು. ತಾಳವಾಡಿಯವರು ಹೇಳಿದ ಮೇಲೆ ತಯಾರಕರ ನಕ್ಷೆ ಹುಡುಕಿ ನೋಡಿದೆ: ನನ್ನ ಫ್ರೇಮಿನ ಅನುಪಾತ 2.8ರಲ್ಲಿ ತೊಡಗಿ 2.3ಕ್ಕೆ ಇಳಿಯುತ್ತದೆ, ಕಾಯಿಲ್ ಹಾಕಲು ತಯಾರಕರ ಅನುಮತಿಯೂ ಇದೆ. ಈಗಿನ ಶಾಕನ್ನು ಡ್ಯಾಂಪರ್ ಕೆಲಸಕ್ಕೆ ಫೋಟೋ ಸಹಿತ ಕಳುಹಿಸುತ್ತೇನೆ. ಕಾಯಿಲ್ ಶಾಕ್ ಒಂದು ಎರವಲು ಸಿಗುವಂತಿದೆ, ಸ್ಪ್ರಿಂಗ್ ಇಲ್ಲದ್ದು. ಪೆರ್ಲದವರ 400 ಪೌಂಡಿನ ಸ್ಪ್ರಿಂಗ್ ನನ್ನ ತೂಕಕ್ಕೆ ಹತ್ತಿರ ಬರುತ್ತದೆ. ಅದನ್ನು ಕೊಡುವಿರಾ? ಒಳವ್ಯಾಸ ಎಷ್ಟು?

ಪೆರ್ಲ:
ವ್ಯಾಸ ಅಳೆದು ಸಂಜೆ ತಿಳಿಸುತ್ತೇನೆ. 60ರ ಸ್ಟ್ರೋಕ್‌ಗೆ ತೆಗೆದದ್ದರಿಂದ ನಿಮ್ಮ 55ಕ್ಕೆ ಚಲನೆಯ ಕೊರತೆಯಾಗದು, ಸ್ಪ್ರಿಂಗಿನ ಉದ್ದ ಮಾತ್ರ ಆ ಶಾಕ್‌ಗೆ ಹೊಂದುತ್ತದೆಯೇ ನೋಡಿಕೊಳ್ಳಿ. ಬೆಲೆ 4,500, ಪೆರ್ಲಕ್ಕೆ ಬಂದು ಒಯ್ಯಬೇಕು. ಕೊರಿಯರ್ ಮಾಡುವುದಿಲ್ಲ.

ಜತ್ತ:
5,200ರ ಸ್ಪ್ರಿಂಗ್ ಬಳಸಿದ ಮೇಲೂ 4,500 ಆದರೆ ಕಾಯಿಲ್ ನಿಜವಾಗಿಯೂ ಲಾಭದಾಯಕವೇ.