ಸಹಾಯ ಬೇಕು: ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಜೊತೆ ಕೊಲೆಸ್ಟ್ರಾಲ್ ಮಾತ್ರೆ ತಗೊಳ್ತಿರೋರು ಯಾರಾದ್ರೂ ಇದೀರಾ?

ಎಲ್ರಿಗೂ ನಮಸ್ಕಾರ, ನಾನು ದಾವಣಗೆರೆ ಕಡೆಯವ್ಳು, ನಮ್ಮಣ್ಣನ ವಿಷ್ಯ. ಅವ್ನಿಗೆ 46, ಎಚ್‌ಐವಿ ಇದೆ, 2012ರಿಂದ ಎಆರ್‌ಟಿ ಸೆಂಟರ್ ಮಾತ್ರೆ, ಈಗ ಟಿಎಲ್‌ಡಿ (ಮೂರು ಎಚ್‌ಐವಿ ಔಷಧಿ ಸೇರಿರೋ ಮಾತ್ರೆ), ರಾತ್ರಿ ಊಟ ಆದ್ಮೇಲೆ ಒಂದೇ ಒಂದು, ಒಂದಿನಾನೂ ತಪ್ಸಲ್ಲ, ವೈರಲ್ ಲೋಡ್ (ರಕ್ತದಲ್ಲಿರೋ ವೈರಸ್ ಪ್ರಮಾಣ) ಕಂಟ್ರೋಲಲ್ಲೇ ಇದೆ. ಆದ್ರೆ ಈ ಡೊಲುಟೆಗ್ರಾವಿರ್ ಇರೋ ಮಾತ್ರೆಗೆ ಬದಲಾದ್ಮೇಲೆ 58 ಕೆಜಿ ಇದ್ದೋನು 71 ಆಗಿದಾನೆ, ಬೆಲ್ಟು ಕಡೇ ತೂತಿಗೆ ಬಂದಿದೆ. ಹೋದ್ವಾರ ಸ್ಕ್ಯಾನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್, ಬ್ಲಡ್ ಟೆಸ್ಟಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 172. ಕುಡಿಯೋ ಅಭ್ಯಾಸ ಇಲ್ವೇ ಇಲ್ಲ, ಸಂಜೆ ಮಿರ್ಚಿ ಮಂಡಕ್ಕಿ ಮಾತ್ರ ಬಿಡಲ್ಲ.

ಪ್ರೈವೇಟ್ ಕ್ಲಿನಿಕ್ಕಲ್ಲಿ ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್ ಮಾತ್ರೆ ಬರೆದ್ರು, ಇವ್ನು ಹೆದ್ರಿ ಎಚ್‌ಐವಿ ವಿಷ್ಯಾನೇ ಹೇಳಿಲ್ಲ, ನಂಗೆ ಅದೇ ಸಂಕಟ. ರಿಟೊನಾವಿರ್ ಅನ್ನೋ ಎಚ್‌ಐವಿ ಔಷಧಿ ತಗೊಳ್ಳೋರಿಗೆ ಇದೇ ಜಾತಿಯ ಸಿಮ್ವಾಸ್ಟಾಟಿನ್ ಕೊಡ್ಲೇಬಾರ್ದು ಅಂತ ಓದಿದೀನಿ, ಟಿಎಲ್‌ಡಿಲಿ ರಿಟೊನಾವಿರ್ ಇಲ್ಲ, ಆದ್ರೂ ಎಆರ್‌ಟಿ ಸೆಂಟರ್ ಡಾಕ್ಟ್ರನ್ನ ಕೇಳೋವರ್ಗೂ ಶುರು ಮಾಡ್ಬೇಡ ಅಂದಿದೀನಿ, ಸೋಮವಾರ ನಾನೇ ಜೊತೆಗೆ ಹೋಗ್ತಿದೀನಿ.

2023ರ ರಿಪ್ರೀವ್ ಸ್ಟಡಿಲಿ ಪಿಟಾವಾಸ್ಟಾಟಿನ್ ಅನ್ನೋ ಕೊಲೆಸ್ಟ್ರಾಲ್ ಮಾತ್ರೆ ತಗೊಂಡ ಎಚ್‌ಐವಿ ಇರೋರಿಗೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಥರದ್ದು 35% ಕಮ್ಮಿ ಆಯ್ತಂತೆ, ಅದನ್ನ ಯಾರಾದ್ರೂ ತಗೊಳ್ತಿದೀರಾ? ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡೋ ಫೈಬ್ರೋಸ್ಕ್ಯಾನ್ ನಮ್ಕಡೆ ಕಮ್ಮಿ ರೇಟಿಗೆ ಎಲ್ ಮಾಡ್ತಾರೆ? ತೂಕ ಇಳಿಸ್ಕೊಂಡೋರು ಏನ್ ತಿಂದ್ರಿ, ಎಷ್ಟು ನಡೆದ್ರಿ ಅಂತಾನೂ ಹೇಳಿ. ಎಆರ್‌ಟಿ ನಿಲ್ಸಿ ನಾಟಿ ಔಷಧಿ ಮಾಡಿ ಅಂತ ಮಾತ್ರ ದಯವಿಟ್ಟು ಯಾರೂ ಹೇಳ್ಬೇಡಿ, ಇವತ್ತು ಅವ್ನು ನಮ್ ಕಣ್ಮುಂದೆ ಓಡಾಡ್ತಿರೋದೇ ಆ ಮಾತ್ರೆಯಿಂದ.