ಅಜ್ಜನ ಫೌಂಡ್ರಿಯ ಹಳೇ ಲೆಕ್ಕದ ಪುಸ್ತಕ: ತೂಕ ತಾಳೆಯಾಗುತ್ತಿಲ್ಲ

ಬೀಡಿನಮನೆ:
ನಮಸ್ಕಾರ. ಬೆಳಗಾವಿಯಲ್ಲಿ ನಮ್ಮಜ್ಜ, ಅವರ ತಮ್ಮ ಸೇರಿ ಫೌಂಡ್ರಿ ಮತ್ತು ಮಶೀನ್ ಶಾಪ್ ನಡೆಸುತ್ತಿದ್ದರು. ಕಬ್ಬಿನ ಗಾಣದ ಭಾಗಗಳೇ ಜಾಸ್ತಿ. 1949ರಿಂದ 1963ರವರೆಗಿನ ಕೀರ್ದಿ (ದಿನದಿನದ ಲೆಕ್ಕ), ಖಾತೆ (ಗಿರಾಕಿವಾರು ಲೆಕ್ಕ), ಬಟವಾಡೆ (ಕೂಲಿ) ಪುಸ್ತಕ ಸಿಕ್ಕಿವೆ. ವರ್ಷಕ್ಕೆ ಎಷ್ಟು ಬೀಡು (ಎರಕದ ಕಬ್ಬಿಣ) ಎರಕ ಹೊಯ್ದರು ಅಂತ ತಿಳಿಯಬೇಕು. ಆದರೆ ತೂಕ ಒಂದು ಕಡೆ ಮಣ, ಇನ್ನೊಂದು ಕಡೆ ಹಂಡ್ರೆಡ್‌ವೇಟ್, ಕೊನೆಯದರಲ್ಲಿ ಕಿಲೋ. ಕೊಂಡದ್ದಕ್ಕಿಂತ ಮಾರಿದ್ದೇ ಜಾಸ್ತಿ ಬರುತ್ತಿದೆ! ಹೇಗೆ ಸಾಧ್ಯ?

ಹಳೇದಫ್ತರ:
ಮೊದಲು ಮಣ ಯಾವುದು ಅಂತ ನೋಡಿ. ರೈಲ್ವೆ ಮಣ ಅಂದ್ರೆ ಸುಮಾರು 37.3 ಕಿಲೋ, ಮುಂಬಯಿ ಮಣ 28 ಪೌಂಡ್, ಅಂದರೆ 12.7 ಕಿಲೋ. ಬೆಳಗಾವಿ 1956ರವರೆಗೆ ಮುಂಬಯಿ ರಾಜ್ಯದಲ್ಲೇ ಇತ್ತಲ್ವಾ, ಹಾಗಾಗಿ ಎರಡೂ ಇರಬಹುದು. ಪುಟಗಳ ನಡುವೆ ರೈಲ್ವೆ ರಸೀದಿ ಇದ್ದರೆ ಅದೇ ಮಾಲಿನ ಕೀರ್ದಿ ನಮೂದಿನ ಜೊತೆ ಹೋಲಿಸಿ, ಗೊತ್ತಾಗಿಬಿಡುತ್ತದೆ. ಹಂಡ್ರೆಡ್‌ವೇಟ್ 112 ಪೌಂಡ್. ಕಿಲೋ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಬಂತು. ದುಡ್ಡಿನಲ್ಲೂ ಹುಷಾರು. 12-8-6 ಅಂದ್ರೆ 12 ರೂಪಾಯಿ 8 ಆಣೆ 6 ಪೈ. 1957ರ ಏಪ್ರಿಲ್ 1ರಿಂದ ನಯಾಪೈಸೆ ಬಂತು. 3 ಆಣೆ ಲೆಕ್ಕಕ್ಕೆ 18.75 ಪೈಸೆ, ಅದನ್ನು 19 ಪೈಸೆ ಅಂತ ಹಿಡಿಯುತ್ತಿದ್ದರು, ಆದ್ದರಿಂದ ಮೊತ್ತದಲ್ಲಿ ಪೈಸೆ ಅರ್ಧ ಪೈಸೆ ವ್ಯತ್ಯಾಸ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ.

ಎರಕದವನು:
ಮಣ ಸರಿಹೋದರೂ ತಾಳೆಯಾಗೋದು ಕಷ್ಟ ರೀ. ಕ್ಯುಪೋಲಾದಲ್ಲಿ (ಬೀಡು ಕರಗಿಸುವ ಕುಲುಮೆ) ಕರಗಿಸುವಾಗ ಒಂದಿಷ್ಟು ಲೋಹ ಸುಟ್ಟು ಹೋಗುತ್ತದೆ, ಲೇತ್‌ನಲ್ಲಿ ಕಡೆಯುವಾಗ ಚೂರು ಹೋಗುತ್ತದೆ, ಅಂದರೆ ಮಾರಿದ್ದು ಕಮ್ಮಿಯಾಗಬೇಕು. ಜಾಸ್ತಿ ಬಂದಿದೆ ಅಂದ್ರೆ ಬೀಡು ಬೇರೆ ದಾರಿಯಿಂದಲೂ ಬಂದಿದೆ. ರೈತರು ಒಡೆದ ಗಾಣ ತಂದುಕೊಟ್ಟು ಹೊಸದನ್ನು ಒಯ್ಯುತ್ತಿದ್ದರು. ಅದು ಖರೀದಿಯಲ್ಲಿ ಸಿಗೋದಿಲ್ಲ, ಆ ಗಿರಾಕಿಯ ಖಾತೆಯಲ್ಲಿ ಜಮಾ ಆಗಿರುತ್ತದೆ. ಕೆಲವರು ತಮ್ಮದೇ ಬೀಡು ಕೊಟ್ಟು ಬರೀ ಮಜೂರಿ ಕೊಡುತ್ತಿದ್ದರು. ಗುಳ್ಳೆ ಬಿದ್ದ ಎರಕ ವಾಪಸ್ ಬಂದು ಮತ್ತೆ ಕರಗಿದ್ದರೆ ಅದೇ ಕಬ್ಬಿಣವನ್ನು ನೀವು ಎರಡು ಸಲ ಎಣಿಸಿರಬಹುದು.

ಬೀಡಿನಮನೆ:
ಸರ್, ಈಗಷ್ಟೇ ನೋಡಿದೆ, ಎಷ್ಟೋ ಖಾತೆಗಳಲ್ಲಿ ‘ಹಳೇ ಬೀಡು ಜಮಾ’ ಅಂತ ಇದೆ! ಸುಗ್ಗಿ ಶುರುವಾಗುವ ಮುಂಚೆಯೇ ಜಾಸ್ತಿ. ತುಂಬಾ ಖುಷಿಯಾಯಿತು. ಮೊದಲ ಪುಸ್ತಕದ ಅರ್ಧ ಮೋಡಿ ಲಿಪಿಯಲ್ಲಿದೆ (ಮರಾಠಿಯ ಹಳೇ ಕೂಡುಬರಹ), ಅದಕ್ಕೇನು ಮಾಡಲಿ?

ಹಳೇದಫ್ತರ:
ಮೋಡಿ ಓದುವ ಹಿರಿಯರು ನಿಮ್ಮೂರಲ್ಲೇ ಸಿಗುತ್ತಾರೆ, ವಿಚಾರಿಸಿ. ಅದಕ್ಕೂ ಮುಂಚೆ ಪ್ರತಿ ಪುಟದ ಫೋಟೋ ತೆಗೆಯಿರಿ, ಖಾಲಿ ಪುಟವನ್ನೂ ಬಿಡಬೇಡಿ. ಒಳಗಿನ ಬಿಡಿ ಚೀಟಿಗಳನ್ನು ಅವು ಇರುವ ಜಾಗದಲ್ಲೇ ಬಿಡಿ. ಲ್ಯಾಮಿನೇಷನ್ ಮಾತ್ರ ದಯವಿಟ್ಟು ಬೇಡ, ಬಿಸಿಗೆ ಹಳೇ ಕಾಗದ ಹಾಳಾಗುತ್ತದೆ, ಆಮೇಲೆ ಬಿಡಿಸೋಕೂ ಆಗಲ್ಲ.

ಎರಕದವನು:
ಬಟವಾಡೆ ಪುಸ್ತಕವನ್ನೂ ಜೊತೆಗಿಟ್ಟು ಓದಿ. ಸಣ್ಣ ಫೌಂಡ್ರಿಯಲ್ಲಿ ಕ್ಯುಪೋಲಾ ದಿನಾ ಹೊತ್ತಿಸುತ್ತಿರಲಿಲ್ಲ. ಹೊತ್ತಿಸಿದ ದಿನ ಆಳು ಜಾಸ್ತಿ ಬೇಕು. ಯಾವ ದಿನ ಕೂಲಿಯವರ ಸಂಖ್ಯೆ ಏರಿದೆಯೋ ಅದನ್ನು ಕೋಕ್ (ಕುಲುಮೆಗೆ ಹಾಕುವ ಇಂಧನ) ಖರ್ಚಿನ ಜೊತೆ ಹೊಂದಿಸಿದರೆ, ಎರಕ ಹೊಯ್ದ ದಿನಗಳು ಸಿಗುತ್ತವೆ.